ಲೋಕಲ್ ಗಾಡಿ ಬಣ್ಣ

ಹಾಲ್‌ನ ಗೋಡೆ ಮೇಲೆ ಐದು ಚೌಕ ಬಳಿದು ಹೋದ ಪೇಂಟರ್ ಇನ್ನೂ ಬಂದಿಲ್ಲ. ಐದೂ ಒಂದೇ ಬಣ್ಣ ಅಂತ ನಾನು. ಐದೂ ಬೇರೆ ಬೇರೆ ಅಂತ ಮಗಳು.

"ಅಪ್ಪಾ, ಇದು ಪೆರಿವಿಂಕಲ್. ಅದು ಲ್ಯಾವೆಂಡರ್. ಸರಿಯಾಗಿ ನೋಡು."

ನೋಡಿದೆ. ಬೆಳಗ್ಗೆ ನೀಲಿ, ಮಧ್ಯಾಹ್ನ ನೇರಳೆ. ಸಂಜೆ ಹಳದಿ ಬಲ್ಬು ಹಾಕಿದರೆ ಬೂದಿ, ಬಿಳಿ ಟ್ಯೂಬ್‌ಲೈಟು ಹಾಕಿದರೆ ಮತ್ತೆ ನೀಲಿ. ದಿನಕ್ಕೆ ನಾಲ್ಕು ಸಲ ಮಾತು ಬದಲಿಸುವ ನೆಂಟರನ್ನೇ ನಾನು ಸಹಿಸುವುದಿಲ್ಲ, ಇನ್ನು ಗೋಡೆ! ಆದರೆ 2022ಕ್ಕೆ, ಬಣ್ಣಗಳ ಪಟ್ಟಿ ಮಾಡುವ ಪ್ಯಾಂಟೋನ್ ಕಂಪನಿ ಇದೇ ಜಾತಿಯ ಬಣ್ಣವನ್ನು ವರ್ಷದ ಬಣ್ಣ ಅಂತ ಸಾರಿತ್ತಂತೆ. ಆ ವರ್ಷ ಮುಗಿದು ಹೋಯಿತಲ್ಲ ಅಂದರೆ ಮಗಳಿಗೆ ಸಿಟ್ಟು.

ಹೆಸರಾದರೂ ನೆಟ್ಟಗಿದೆಯಾ? ಪೆರಿವಿಂಕಲ್ ಅಂದರೆ ನಮ್ಮ ನಿತ್ಯಪುಷ್ಪವಂತೆ. ಇಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅದೇ ಸದಾಫುಲಿ. ಕಿಟಕಿ ಗ್ರಿಲ್ಲಿನ ಕುಂಡದಲ್ಲಿ ನನ್ನ ಹೆಂಡತಿ ಬೆಳೆಸಿರುವುದು ಗುಲಾಬಿ ಬಣ್ಣದ್ದು. ನೀಲಿ ಇರುವುದು ಯುರೋಪಿನ ದಾಯಾದಿಗೆ. ಪೇಂಟರ್‌ಗೆ ಈ ರಗಳೆಯೇ ಇಲ್ಲ: "ಜಾಮುನಿ ಬೋಲೋ ನಾ, ಸಾಬ್."

ನನಗೆ ಹೊಳೆದದ್ದೇ ಬೇರೆ. "ಇದು ಲೋಕಲ್ ಗಾಡಿ ಬಣ್ಣ ಕಣೇ!"

2007ರಿಂದ ಮುಂಬೈ ಲೋಕಲ್ ರೈಲಿಗೆ ಬಿಳಿ-ನೇರಳೆ ಪಟ್ಟೆಯ ಹೊಸ ಗಾಡಿಗಳು ಬಂದವಲ್ಲ, ಅದು. ಅಲ್ಲಿಯವರೆಗೆ ಹಳದಿ-ಕಂದು ಗಾಡಿಯಲ್ಲಿ ಜೋತಾಡಿದವರು ನಾವು. ನಮ್ಮ ಬೆಳಗಿನ ಫಾಸ್ಟ್ ಗಾಡಿಯ ಡಬ್ಬಿಯಲ್ಲಿ ಒಂದು ಕನ್ನಡ ಗುಂಪಿತ್ತು. ಧಾರವಾಡದ ಮಾಸ್ತರರಿಗೆ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ ಅಂಗೈಯಗಲದ ಜಾಗ ಕಾಯಂ. ಹೊಸ ಗಾಡಿ ಬಂದ ದಿನ ಅವರು ಪ್ಲಾಟ್‌ಫಾರ್ಮಿನಲ್ಲೇ ನಿಂತುಬಿಟ್ಟರು. "ಏನ್ರೀ ಇದು, ಶನಿ ಬಣ್ಣ ಬಳದಾರಲ್ರೀ!" ಗಾಡಿ ಬಿಟ್ಟಿತು. ಅವರು ಮುಂದಿನದರಲ್ಲಿ ಬಂದರು. ಅದೂ ಅದೇ ಬಣ್ಣದ್ದು.

ದಸರೆ ಬಂತು. ಹಬ್ಬದ ಹಿಂದಿನ ದಿನ ಡಬ್ಬಿಯಲ್ಲಿ ಪೂಜೆ ಮಾಡಿ ಪೇಢೆ ಹಂಚುವುದು ಇಲ್ಲಿಯ ರೂಢಿ. ಹೂವು ಕುಂದಾಪುರದ ಭಟ್ಟರ ಜವಾಬ್ದಾರಿ. ದಾದರ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ ಮಾಡಿ, ಚೆಂಡುಹೂವಿನ ಬಾಡಿದ ಮಾಲೆಯನ್ನೇ ತರುತ್ತಿದ್ದರು. ಅದನ್ನು ಫ್ಯಾನಿನ ಜಾಲರಿಗೆ ಕಟ್ಟಿದೆವು. ಥಾಣೆಯಲ್ಲಿ ನುಗ್ಗಿದ ಒಬ್ಬನ ಬ್ಯಾಗಿಗೆ ಸಿಕ್ಕಿ ಮಾಲೆ ಹರಿಯಿತು. ಹೂವೆಲ್ಲ ಮಾಸ್ತರರ ತಲೆ ಮೇಲೆ. ಕೊಡವಿಕೊಳ್ಳಲು ಕೈ ಎತ್ತುವಷ್ಟೂ ಜಾಗವಿಲ್ಲ. ಕೊನೆಯ ಸ್ಟೇಷನ್ ಸಿಎಸ್‌ಟಿವರೆಗೆ ಹಾಗೇ, ಉತ್ಸವಮೂರ್ತಿಯ ಹಾಗೆ ಕೂತಿದ್ದರು. ಇಳಿದು ಗಾಡಿಯ ಮುಂದಿನಿಂದ ಹೋಗುವಾಗ ನಿಂತರು. ಮೋಟರ್‌ಮನ್ ಕಿಟಕಿ ಕೆಳಗೆ, ಆ ನೇರಳೆ ಪಟ್ಟೆ ಮೇಲೆ, ತಾಜಾ ಚೆಂಡುಹೂವಿನ ದಪ್ಪ ಮಾಲೆ. "ಭಾಳ ಛಂದ ಒಪ್ಪತೈತ್ರೀ" ಅಂದರು. ಕಿವಿ ಹಿಂದೆ ಇನ್ನೂ ಒಂದು ಎಸಳಿತ್ತು.

ಇಷ್ಟುದ್ದ ಕಥೆ ಹೇಳಿದರೆ ಮಗಳಿಗೆ ಕೇಳಿಸಿದ್ದು ಕೊನೆಯ ಸಾಲು ಮಾತ್ರ. "ಹಾಗಾದ್ರೆ ಹಳದಿ ಪರದೆ ಹಾಕೋಣ ಅಪ್ಪಾ!" ಪರದೆಯ ರೇಟು ಕೇಳಿ ನಾನು ಸೋಫಾ ಹಿಡಿದುಕೊಂಡೆ. ನಾನು ಹೇಳಿದ್ದೇನು, ಇವಳು ತಿಳಿದದ್ದೇನು? ಮೂವತ್ತು ವರ್ಷ ಜೋತಾಡಿ ರಿಟೈರ್ ಆದವನಿಗೆ ಕಾಫಿ ಕುಡಿಯುವಾಗಲೂ ಎದುರಿಗೆ ಲೋಕಲ್ ನಿಲ್ಲಿಸಬೇಕಾ?

ಪೇಂಟರ್ ಊರಿಗೆ ಹೋಗಿದ್ದಾನಂತೆ. ಗೋಡೆ ಒದ್ದೆಯಿದೆ, ಮಳೆಗಾಲ ಮುಗೀಲಿ ಅಂದ. ಬಂದವರೆಲ್ಲ ಚೌಕಗಳ ಮುಂದೆ ನಿಂತು ಪುಕ್ಕಟೆ ಅಭಿಪ್ರಾಯ ಕೊಡುತ್ತಾರೆ. ಹೆಂಡತಿಗೆ ಸಾಕಾಗಿ ನಾಲ್ಕನೇ ಚೌಕದ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದಾಳೆ. ಉಳಿದ ನಾಲ್ಕಕ್ಕೂ ಕ್ಯಾಲೆಂಡರ್ ಹುಡುಕುತ್ತಿದ್ದೇನೆ.