ನೀಲಗಿರಿಗೆ ಯಾರೂ ಜೀನ್ ಸೇರಿಸಿರಲಿಲ್ಲ

ಕುಲಾಂತರಿ, ಅಂದರೆ ಲ್ಯಾಬಿನಲ್ಲಿ ಜೀನ್ ಬದಲಿಸಿದ ಗಿಡ, ಅನ್ನೋ ಪದ ಬಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪು ಎರಡು ಹೋಳಾಗುತ್ತದೆ. "ವಿಷ, ಕಿತ್ತು ಬಿಸಾಡಿ" ಅನ್ನುವವರು ಒಂದು ಕಡೆ. "ವಿಜ್ಞಾನ ಗೊತ್ತಿಲ್ಲದವರು ಸುಮ್ನಿರಿ" ಅನ್ನುವವರು ಇನ್ನೊಂದು ಕಡೆ. ಮೊನ್ನೆ ಪೆಟ್ರೋಲಿಗೆ ಎಥನಾಲ್ ಬೆರೆಸುವ ಮಾತು ಎದ್ದು, ಅಲ್ಲಿಂದ ಮರದ ಎಥನಾಲ್‌ಗೆ ಹೋಗಿ, ಮತ್ತೆ ಅದೇ ಜಗಳ. ನನ್ನ ಮಾತು ಎರಡೂ ಕಡೆಯವರಿಗೆ ಹಿಡಿಸುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಬ್ಬಿನಿಂದ ಎಥನಾಲ್ ಸುಲಭ. ಹಿಂಡಿದರೆ ಸಿಹಿ ರಸ, ಹುಳಿ ಬರಿಸಿದರೆ ಆಯ್ತು. ಮರದಲ್ಲೂ ಸಕ್ಕರೆ ಇದೆ, ಸೆಲ್ಯುಲೋಸ್ ರೂಪದಲ್ಲಿ. ಆದರೆ ಅದಕ್ಕೆ ಲಿಗ್ನಿನ್ ಅನ್ನುವ ಗಟ್ಟಿ ಪದಾರ್ಥ ಮೆತ್ತಿಕೊಂಡಿರುತ್ತದೆ. ಮರ ನೆಟ್ಟಗೆ ನಿಲ್ಲುವುದು ಅದರಿಂದಲೇ. ಹಲಸಿನ ತೊಳೆ ಬೇಕಾದರೆ ಮೇಣದ ಜೊತೆ ಒದ್ದಾಡಬೇಕಲ್ಲ, ಹಾಗೆ. ಈ ಮೇಣ ಬಿಡಿಸುವುದಕ್ಕೇ ಆಸಿಡ್ಡು, ಬಿಸಿ, ಖರ್ಚು ಎಲ್ಲ. ಮೇಣವೇ ಕಡಿಮೆ ಇರುವ ಮರ ಮಾಡಿದರೆ ಹೇಗೆ ಅಂತ ವಿಜ್ಞಾನಿಗಳು ಯೋಚಿಸಿದರು.

ಬೆಲ್ಜಿಯಂನ ಘೆಂಟ್‌ನಲ್ಲಿ ಲಿಗ್ನಿನ್ ತಯಾರಿಸುವ ಒಂದು ಜೀನ್‌ನ ಕೆಲಸವನ್ನು ತಗ್ಗಿಸಿದ, ಪಾಪ್ಲರ್ ಅನ್ನುವ ಮರದ ಗಿಡ ಸಿದ್ಧವಾಗಿತ್ತು. 2008ರಲ್ಲಿ ಸರ್ಕಾರ ಹೊಲದಲ್ಲಿ ನೆಡಲು ಒಪ್ಪಲಿಲ್ಲ. ಜಗಳ ಕೋರ್ಟಿಗೆ ಹೋಗಿ, 2009ರಲ್ಲಿ ಗಿಡ ಮಣ್ಣಿಗಿಳಿಯಿತು. ಫ್ರಾನ್ಸಿನಲ್ಲೂ ಇದೇ ಗಿಡ ಬೆಳೆಸಿದರು. ಫಲಿತಾಂಶ 2014ರಲ್ಲಿ ಹೊರಬಂತು. ಈ ಮರದ ಕಟ್ಟಿಗೆ ಕೆಂಪಗಿರುತ್ತದೆ! ಜೀನ್ ಎಷ್ಟು ತಗ್ಗಿದೆಯೋ ಅಷ್ಟು ಕೆಂಪು. ಆದರೆ ಎಲ್ಲ ಮರವೂ ಒಂದೇ ಸಮ ಕೆಂಪಾಗಲಿಲ್ಲ. ಕಡುಕೆಂಪು ಕಟ್ಟಿಗೆಯಿಂದ ಎಥನಾಲ್ 161%ರಷ್ಟು ಜಾಸ್ತಿ ಬಂತು. ತೊಗಟೆ, ಅಷ್ಟಾಗಿ ಕೆಂಪಾಗದ ಮರ, ಎಲ್ಲ ಸೇರಿಸಿ ನೋಡಿದಾಗ ಜಾಸ್ತಿ ಬಂದದ್ದು ಸುಮಾರು 20% ಮಾತ್ರ. ಮೇಲಾಗಿ, ಜೀನ್ ಬಲವಾಗಿ ತಗ್ಗಿದ ಮರಗಳು ಸರಿಯಾಗಿ ಬೆಳೆಯಲೇ ಇಲ್ಲ. ಕೇಜಿ ಲೆಕ್ಕದಲ್ಲಿ ಲಾಭ, ಎಕರೆ ಲೆಕ್ಕದಲ್ಲಿ ಅನುಮಾನ. ಇದನ್ನು ಆ ವಿಜ್ಞಾನಿಗಳೇ ಬರೆದುಕೊಂಡಿದ್ದಾರೆ.

ಇದು ಗೊತ್ತಾಗಿದ್ದು ಹೊಲದಲ್ಲಿ ನೆಟ್ಟಿದ್ದರಿಂದ. ಗಾಜಿನ ಮನೆಯ ಗಿಡ ಗಾಳಿಗೆ ಬಾಗುವುದಿಲ್ಲ, ಹಿಮ ತಿನ್ನುವುದಿಲ್ಲ. ಯಾರಾದರೂ ರಾತ್ರಿ ಬಂದು ಆ ಗಿಡ ಕಿತ್ತುಹಾಕಿದ್ದರೆ, ನಮಗೆ ಇವತ್ತು ಕಂಪನಿಯವರ ಆಸೆ, ವಿರೋಧಿಗಳ ಭಯ ಎರಡೇ ಉಳಿಯುತ್ತಿದ್ದವು. 2001ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕುಲಾಂತರಿ ಪಾಪ್ಲರ್ ಅಂದುಕೊಂಡು ವಿಶ್ವವಿದ್ಯಾಲಯದ ಕಟ್ಟಡಕ್ಕೇ ಬೆಂಕಿ ಇಟ್ಟರು. ಅಲ್ಲಿದ್ದದ್ದು ಮಾಮೂಲಿ ಹೈಬ್ರಿಡ್ ಗಿಡ! ಹಾಗಾಗಿ ಪ್ರಯೋಗ ನಡೆಯಲಿ ಅನ್ನುವವನು ನಾನು.

ಇಷ್ಟು ಓದಿ ಖುಷಿಯಾದವರು ಸ್ವಲ್ಪ ತಡೆಯಿರಿ.

ನಮ್ಮೂರು ಕೋಲಾರದ ಕಡೆ. ನಾನು ಚಿಕ್ಕವನಿದ್ದಾಗ ಅಪ್ಪ ಎರಡು ಎಕರೆ ರಾಗಿ ಹೊಲಕ್ಕೆ ನೀಲಗಿರಿ ಇಟ್ಟರು. ಅವರಿಗೆ ಯಾರೂ ಮೋಸ ಮಾಡಿರಲಿಲ್ಲ. ಪಕ್ಕದವರು ಇಟ್ಟಿದ್ದರು, ಚೆನ್ನಾಗಿ ಬಂದಿತ್ತು. ದನ ಮೇಯಲ್ಲ, ಕಳೆ ತೆಗೆಯೋ ಕೂಲಿ ಇಲ್ಲ, ಐದಾರು ವರ್ಷಕ್ಕೊಮ್ಮೆ ಲಾರಿ ಬಂದು ಕಡಿದುಕೊಂಡು ದುಡ್ಡು ಕೊಡುತ್ತದೆ. ಕಡಿದ ಬುಡ ತಾನೇ ಚಿಗುರುತ್ತದೆ. ಒಬ್ಬರ ಎರಡು ಎಕರೆಯಲ್ಲಿ ನೋಡಿದರೆ ಅದು ಗೆದ್ದ ಬೆಳೆ. ಊರೆಲ್ಲ ಇಟ್ಟ ಮೇಲೆ ತೋಪಿನ ಪಕ್ಕದ ಹೊಲದಲ್ಲಿ ರಾಗಿ ಬಾಡಿತು. ಬೋರ್‌ವೆಲ್ ಆಳಕ್ಕೆ ಹೋಯಿತು. ಅದಕ್ಕೆ ನೀಲಗಿರಿ ಒಂದೇ ಕಾರಣ ಅಂತ ನಾನು ಹೇಳಲ್ಲ, ನಾವೂ ಬೋರ್ ಕೊರೆದದ್ದು ಕಮ್ಮಿಯೇನಲ್ಲ. ಕೊನೆಗೆ ಜೆಸಿಬಿ ತಂದು ಬುಡ ಕೀಳಿಸಿದಾಗ, ಕಡೇ ಸಲದ ಕಟ್ಟಿಗೆ ದುಡ್ಡೆಲ್ಲ ಅದಕ್ಕೇ ಹೋಯಿತು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತಿದ್ದರು. ಸರ್ಕಾರ ಹೊಸದಾಗಿ ನೆಡಬಾರದು ಅಂದಿದ್ದು 2017ರಲ್ಲಿ. ನಡುವೆ 34 ವರ್ಷ!

ಆ ನೀಲಗಿರಿಗೆ ಯಾರೂ ಜೀನ್ ಸೇರಿಸಿರಲಿಲ್ಲ. ಅದು ಎರಡು ಎಕರೆಯಲ್ಲಿ ಮಾಡದ ಕೆಲಸವನ್ನು ಸಾವಿರ ಎಕರೆಯಲ್ಲಿ ಮಾಡಿತು, ಅಷ್ಟೇ.

ಅಮೆರಿಕದಲ್ಲಿ ಆರ್ಬರ್‌ಜೆನ್ ಅನ್ನುವ ಕಂಪನಿ ಚಳಿ ತಡೆಯುವ ಕುಲಾಂತರಿ ನೀಲಗಿರಿ ಮಾಡಿದೆ. ಕಾಗದಕ್ಕೂ ಆಗುತ್ತದೆ, ಇಂಧನಕ್ಕೂ ಆಗುತ್ತದೆ ಅನ್ನೋದು ಅವರ ಮಾತು. 2010ರಲ್ಲಿ ದಕ್ಷಿಣದ ಏಳು ರಾಜ್ಯಗಳ 28 ಕಡೆ, ಸುಮಾರು 330 ಎಕರೆಯಲ್ಲಿ ನೆಟ್ಟು ನೋಡಲು ಅಲ್ಲಿನ ಕೃಷಿ ಇಲಾಖೆ ಒಪ್ಪಿತು. ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು, 2011ರಲ್ಲಿ ಸೋತವು. ಪರಾಗ ಹಾರಿದರೆ ಏನು ಗತಿ ಅಂತ ಕೇಳುವವರಿಗಾಗಿ, ಪರಾಗವೇ ಆಗದಂತೆ ಇನ್ನೊಂದು ಜೀನ್ ಕೂಡ ಹಾಕಿದ್ದರು. ಬುದ್ಧಿವಂತ ಕೆಲಸ, ಒಪ್ಪಬೇಕು.

ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಜೀನು, ಹಿಮ, ಪರಾಗ, ಎಲ್ಲ. ಸುಮ್ನೆ ಕೇಳಿಸಿಕೊಂಡು, "ಅದೆಲ್ಲ ಸರಿ ಕಣಪ್ಪ, ನೀರು ಎಷ್ಟು ಕುಡಿಯುತ್ತಂತೆ?" ಅಂದರು.

ಅಮೆರಿಕದ ಅರಣ್ಯ ಇಲಾಖೆಯವರೂ ಇದೇ ನೀರಿನ ಲೆಕ್ಕ ಎತ್ತಿದ್ದರು. 28 ಕಡೆ ಹಂಚಿದ 330 ಎಕರೆ ಅಂದರೆ ಒಂದು ಕಡೆಗೆ ಸರಾಸರಿ 12 ಎಕರೆಯೂ ಇಲ್ಲ. ಚಳಿಗೆ ಮರ ಉಳಿಯುತ್ತದಾ, ಎಷ್ಟು ಬೆಳೆಯುತ್ತದೆ ಅನ್ನೋದನ್ನು ಆ ತುಂಡು ಹೇಳುತ್ತದೆ. ಒಂದು ಹೊಳೆಯ ಬಯಲೆಲ್ಲ ಅದೇ ಮರ ಆದಾಗ ಬೇಸಿಗೆಯಲ್ಲಿ ಹೊಳೆ ಏನಾಗುತ್ತದೆ ಅನ್ನೋದನ್ನು ಹೇಳುವುದಿಲ್ಲ. ಇಂಧನಕ್ಕಂತೂ ಅಷ್ಟು ನೆಡಲೇಬೇಕು. ಕಾರ್ಖಾನೆಯ ಹೊಟ್ಟೆ ಎರಡು ಎಕರೆಗೆ ತುಂಬುತ್ತಾ?

ಬ್ರೆಜಿಲ್‌ನಲ್ಲಿ 2015ರ ಮಾರ್ಚ್‌ನಲ್ಲಿ ಭೂರಹಿತರ ಚಳವಳಿಯ ಹೆಂಗಸರು ಫ್ಯೂಚುರಾಜೀನ್ ಕಂಪನಿಗೆ ನುಗ್ಗಿ ಕುಲಾಂತರಿ ನೀಲಗಿರಿ ಸಸಿ ನಾಶ ಮಾಡಿದರು. ಏಪ್ರಿಲ್‌ನಲ್ಲಿ ಸರ್ಕಾರದ ಆಯೋಗ ಅದೇ ಮರಕ್ಕೆ ಒಪ್ಪಿಗೆ ಕೊಟ್ಟಿತು. ಸಸಿ ಕಿತ್ತದ್ದು ನನಗೆ ಒಪ್ಪಿಗೆಯಿಲ್ಲ, ಆದರೆ ಆ ಸಿಟ್ಟು ನನಗೆ ಹೊಸದಲ್ಲ. ಅವರ ಸುತ್ತ ಸಾಮಾನ್ಯ ನೀಲಗಿರಿಯೇ ಮೈಲಿಗಟ್ಟಲೆ ನಿಂತಿತ್ತು.

ಇದು ನಮಗೆ ದೂರದ ಕತೆ ಅಂದುಕೊಳ್ಳಬೇಡಿ. 2021ರ ಜೂನ್‌ನಲ್ಲಿ ಗುವಾಹಟಿ ಹತ್ತಿರ ರಬ್ಬರ್ ಮಂಡಳಿ ಕುಲಾಂತರಿ ರಬ್ಬರ್ ಗಿಡ ನೆಟ್ಟಿದೆ. ಕೊಟ್ಟಾಯಂನಲ್ಲಿ ತಯಾರಾದ ಗಿಡ ಅದು. ರಬ್ಬರ್ ಹಾಲು ಕೊಡಲು ಸುಮಾರು ಏಳು ವರ್ಷ ಬೇಕು. ಅದನ್ನು ಯಾರೂ ಕೀಳದಿರಲಿ. ಲೆಕ್ಕ ಹೊರಬಂದಾಗ ನಾನಂತೂ ಮೊದಲು ಹುಡುಕುವುದು ಪಕ್ಕದ ಹೊಲದವರ ಬಾವಿಯ ಮಟ್ಟ ಯಾರಾದರೂ ಅಳೆದರಾ ಅಂತ.