ಕಡ್ಡಾಯ ಶಿಕ್ಷೆಯಲ್ಲಿ ವಿವೇಚನೆಗೆ ಜಾಗವೆಲ್ಲಿ?

ಕಾನೂನು ನಿಗದಿಪಡಿಸಿದ ಕನಿಷ್ಠ ಶಿಕ್ಷೆಯನ್ನು ವಿಧಿಸಿದ್ದರಲ್ಲಿ ಅನ್ಯಾಯವೇನಿಲ್ಲ, ಆತ್ಮರಕ್ಷಣೆಯ ವಿಷಯದಲ್ಲಿ ನಮ್ಮ ಕಾನೂನಿನದೇ ಮೃದು ಧೋರಣೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. ಅಮೆರಿಕದ ಫ್ಲಾರಿಡಾದ ಮರಿಸಾ ಅಲೆಕ್ಸಾಂಡರ್ ಪ್ರಕರಣವನ್ನೇ ನೋಡಿ. ಹೆರಿಗೆಯಾಗಿ ಒಂಬತ್ತೇ ದಿನವಾಗಿದ್ದ ಅವರು, 2010ರಲ್ಲಿ, ಹಿಂದೆಯೂ ತಮ್ಮ ಮೇಲೆ ಕೈಮಾಡಿದ್ದ ಗಂಡನನ್ನು ಹೆದರಿಸಲು ಗುಂಡು ಹಾರಿಸಿದ್ದಾಗಿ ಹೇಳಿದರು. ಗುಂಡು ಗೋಡೆಗೆ ತಾಗಿತು, ಯಾರಿಗೂ ಗಾಯವಾಗಲಿಲ್ಲ. ಗ್ಯಾರೇಜಿಗೆ ಹೋದವರು ಪಿಸ್ತೂಲು ಹಿಡಿದು ಮತ್ತೆ ಒಳಗೆ ಬಂದದ್ದೇಕೆ ಎಂಬ ಸರ್ಕಾರಿ ವಕೀಲರ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಜ್ಯೂರಿ (ಆರೋಪಿ ತಪ್ಪಿತಸ್ಥರೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಹನ್ನೆರಡು ನಿಮಿಷಗಳಲ್ಲಿ ಅಪರಾಧಿ ಎಂದ ಮೇಲೆ, ಇಂಥ ಅನುಮಾನಗಳನ್ನಾಗಲಿ, ಬಾಣಂತಿಯ ಭಯವನ್ನಾಗಲಿ ತೂಗಿ ನೋಡುವ ಅಧಿಕಾರವೇ ನ್ಯಾಯಾಧೀಶರಿಗೆ ಉಳಿದಿರಲಿಲ್ಲ. 2012ರಲ್ಲಿ ವಿಧಿಸಿದ್ದು ಅಲ್ಲಿನ ಕಾನೂನು ಕಡ್ಡಾಯಗೊಳಿಸಿದ್ದ ಕನಿಷ್ಠ ಶಿಕ್ಷೆಯಾದ 20 ವರ್ಷದ ಸೆರೆವಾಸ. ಆತ್ಮರಕ್ಷಣೆಯನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆಯನ್ನು ಆರೋಪಿಯ ಮೇಲೆಯೇ ಹೊರಿಸುವ ಸೂಚನೆಯನ್ನು ಜ್ಯೂರಿಗೆ ಕೊಟ್ಟದ್ದು ತಪ್ಪೆಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿ, ಮರುವಿಚಾರಣೆಗೆ ಆದೇಶಿಸಿತು. ಕೊನೆಗೆ ತಪ್ಪೊಪ್ಪಿಗೆಯ ಒಪ್ಪಂದದಲ್ಲಿ ಅದೇ ಕೃತ್ಯಕ್ಕೆ 3 ವರ್ಷದ ಶಿಕ್ಷೆ ಸಾಕಾಯಿತು.

ನಮ್ಮಲ್ಲಿ ಆತ್ಮರಕ್ಷಣೆಯ ವಾದ ನಂಬಲರ್ಹವೆಂದು ತೋರಿಸಿದರೆ ಸಾಕು, ಅದನ್ನು ಸಂಶಯಾತೀತವಾಗಿ ಸಿದ್ಧಪಡಿಸಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಸದುದ್ದೇಶದಿಂದ ರಕ್ಷಣೆಯ ಹಕ್ಕನ್ನು ಮೀರಿ ಕೊಂದವರನ್ನೂ ನಮ್ಮ ಕಾನೂನು ಕೊಲೆಗಾರರೆನ್ನುವುದಿಲ್ಲ, ಅವರ ಅಪರಾಧವನ್ನು ಕೊಲೆಗಿಂತ ಕಡಿಮೆಯದೆಂದು ಪರಿಗಣಿಸುತ್ತದೆ. ಲೇಖಕರು ಮೃದು ಧೋರಣೆ ಎಂದು ಟೀಕಿಸಿರುವುದು ಈ ವಿವೇಚನೆಯನ್ನೇ.