ಆ ನೀರು ಬಿರುಕಿನದ್ದಲ್ಲ

ಒಂದು ಭೂಫಲಕ (ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡು) ಇನ್ನೊಂದರಡಿ ಜಾರುವುದನ್ನು ತೋರಿಸುವ ನಿಮ್ಮ ಚಿತ್ರದ ಜೊತೆ 'ಸಮುದ್ರದ ನೀರು ಬಿರುಕುಗಳಲ್ಲಿ ತುಂಬಿಕೊಂಡು ನೂರು ಕಿಲೋಮೀಟರ್ ಆಳಕ್ಕೆ ಇಳಿಯುತ್ತದೆ' ಅಂತ ಬರೆದಿದ್ದೀರಿ. ನನ್ನ ತಕರಾರು ಅಲ್ಲೇ. ನಮ್ಮ ಕಾಸರಗೋಡಿನಲ್ಲಿ ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದರೆ ತೊಟ್ಟಿಕ್ಕುವುದು ಕಲ್ಲಿನ ತೂತುಗಳಲ್ಲಿ ನಿಂತ ನೀರು. ಒಂದರಡಿ ಒಂದು ಜಾರುವ ಭೂಫಲಕದಲ್ಲಿ ಅಂಥ ನೀರು ಜಾಸ್ತಿ ಪಾಲು ಮೇಲೇ ಹಿಂಡಿ ಹೋಗುತ್ತದೆ. ಆಳಕ್ಕೆ ಹೋಗುವುದು ಖನಿಜದ ಹರಳಿನೊಳಗೇ ಸೇರಿಕೊಂಡದ್ದು. ಸರ್ಪೆಂಟೈನ್ ಎಂಬ ಖನಿಜದ ತೂಕದಲ್ಲಿ ಸುಮಾರು 13% ನೀರು, ಲಾಸೋನೈಟ್ ಎಂಬ ಇನ್ನೊಂದರಲ್ಲಿ ಸುಮಾರು 11%. ಮುಟ್ಟಿದರೆ ಮಾತ್ರ ಒಣ ಕಲ್ಲು! ಆಂಟಿಗೊರೈಟ್ ಎಂಬ ಸರ್ಪೆಂಟೈನ್ 600-700 ಡಿಗ್ರಿ ಬಿಸಿಗೆ ಒಡೆದಾಗಲೇ ಆ ನೀರು ಬಿಡುಗಡೆ. ಅದು ಜಾರುವ ಫಲಕದ ಮೇಲಿರುವ ಮ್ಯಾಂಟಲ್‌ಗೆ (ಭೂಮಿಯ ತೊಗಟೆಯ ಕೆಳಗಿನ ದಪ್ಪ ಕಲ್ಲಿನ ಪದರಕ್ಕೆ) ಸೇರಿದರೆ ಅಲ್ಲಿನ ಕಲ್ಲು ಕಡಿಮೆ ಬಿಸಿಗೇ ಕರಗುತ್ತದೆ. ಜಪಾನಿನ ಜ್ವಾಲಾಮುಖಿಗಳ ಸಾಲು ಹುಟ್ಟಿದ್ದೇ ಹೀಗೆ ಅಲ್ವಾ? ಬಿರುಕಿನಲ್ಲಿ ಇಳಿಯುವ ಆ ನೀಲಿ ಬಾಣವನ್ನು ಚಿತ್ರದಿಂದ ತೆಗೆದುಬಿಡಿ, ಉಳಿದದ್ದು ಚೆನ್ನಾಗಿದೆ.